ಬಾಗಿಲಿಗೆ ಬಂದ ಮುದಿಜೀವ

ಬೇರೆ ಯಾರೋ ಸಾಕಿ ಬಿಟ್ಟುಹೋದ ಒಂದು ಮುದಿ ನಾಯಿಯನ್ನು ಊಹಿಸಿಕೊಳ್ಳಿ. ಅದರ ಕಣ್ಣು ಮಂಜಾಗಿದೆ, ಹಿಂಗಾಲು ಎಳೆಯುತ್ತದೆ. ಹೆಚ್ಚೆಂದರೆ ಇನ್ನೊಂದು ವರ್ಷ ಬದುಕೀತು. ಮನೆ ಕಾಯಲು ಅದರಿಂದಾಗದು, ಮಕ್ಕಳೊಡನೆ ಓಡಾಡಲೂ ಆಗದು. ಅದು ನಿಮ್ಮ ಬಾಗಿಲಿಗೆ ಬಂದರೆ ನೀವು ಏನು ಮಾಡುವಿರಿ? ಒಂದು ತುತ್ತು ಹಾಕಿ ಕಳುಹಿಸುವುದು ಸುಲಭ. ಸಾಯುವವರೆಗೂ ನೋಡಿಕೊಳ್ಳುವುದು ಬೇರೆಯೇ ಮಾತು. ಹಾಗೆ ನೋಡಿಕೊಳ್ಳುವುದು ನಮ್ಮ ಕರ್ತವ್ಯವೇ? ಅಥವಾ ಬರಿಯ ಮನಸ್ಸಿನ ಮೃದುತ್ವವೇ? ಅಥವಾ ಮದ್ದಿಗೆ ಹಣವಿಲ್ಲದ ಮನುಷ್ಯರಿರುವ ಊರಿನಲ್ಲಿ ಅದೊಂದು ತಪ್ಪೇ? ಈ ಪ್ರಶ್ನೆಗಳನ್ನು ನಾನು ಪುಸ್ತಕದಿಂದ ಎತ್ತಿಕೊಂಡಿಲ್ಲ. ಅವು ನಮ್ಮ ಗುರುಮನೆಯ ಜಗುಲಿಯ ಮೇಲೆ ಹದಿನಾಲ್ಕು ತಿಂಗಳು ಮಲಗಿದ್ದವು.

ಚಿತ್ರದುರ್ಗ ಜಿಲ್ಲೆಯ ಒಂದು ಧರ್ಮಕೇಂದ್ರದಲ್ಲಿ ನಾನು ಸೇವೆಯಲ್ಲಿದ್ದಾಗಿನ ಮಾತು. ಒಂದು ಬೇಸಿಗೆಯ ಸಂಜೆ ನಮ್ಮ ಯುವಜನರ ಸಂಘದ ಹುಡುಗಿಯೊಬ್ಬಳು ಆಟೋದಲ್ಲಿ ಒಂದು ನಾಯಿಯನ್ನು ತಂದಳು. ಹಿರಿಯೂರಿನ ಹೊರಗೆ, ಬೆಂಗಳೂರು-ಪುಣೆ ಹೆದ್ದಾರಿಯ ಪಕ್ಕದ ಡಾಬಾ ಒಂದರ ಹಿಂದೆ ಅದು ಬಿದ್ದಿತ್ತಂತೆ. ಹಗಲೂ ರಾತ್ರಿಯೂ ಲಾರಿಗಳು ಓಡುವ ರಸ್ತೆ ಅದು. ಸಾಕಿದ ಪ್ರಾಣಿಯನ್ನು ಯಾರಿಗೂ ತಿಳಿಯದಂತೆ ಇಳಿಸಿಹೋಗುವವರಿಗೆ ಅಂತಹ ಜಾಗ ಅನುಕೂಲ. ನಾಯಿಯ ಕುತ್ತಿಗೆಯ ಸುತ್ತ ಕೂದಲು ಸವೆದು ಪಟ್ಟಿಯ ಗುರುತು ಉಳಿದಿತ್ತು. ಬಹುಕಾಲ ಅದಕ್ಕೊಂದು ಮನೆಯಿತ್ತು ಎಂಬುದಕ್ಕೆ ಅದೇ ಸಾಕ್ಷಿ. "ಫಾದರ್, ಒಂದು ಹದಿನೈದು ದಿನ ಇಟ್ಟುಕೊಳ್ಳಿ. ಅಷ್ಟರಲ್ಲಿ ಸಾಕುವವರನ್ನು ಹುಡುಕುತ್ತೇನೆ" ಎಂದಳು. ಬೆಂಗಳೂರಿನಂತಹ ನಗರಗಳಲ್ಲಿ ಪ್ರಾಣಿರಕ್ಷಣೆಯ ಸಂಸ್ಥೆಗಳು ಹೀಗೆ ಮಾಡುವುದುಂಟು. ಬೀದಿಯಿಂದ ಎತ್ತಿ ತಂದ ನಾಯಿಯನ್ನು ಕಾಯಂ ಮನೆ ಸಿಗುವ ತನಕ ಯಾವುದಾದರೊಂದು ಕುಟುಂಬದ ವಶಕ್ಕೆ ಕೊಡುತ್ತಾರೆ. ಒಡೆತನವಿಲ್ಲದ ಪಾಲನೆ ಅದು. ನಾನು ಒಪ್ಪಿಕೊಂಡೆ.

ಆ ಹುಡುಗಿ ಕೊಟ್ಟ ಮಾತಿನಂತೆ ಎಲ್ಲೆಡೆ ವಿಚಾರಿಸಿದಳು. ಹೊಸದುರ್ಗದ ಕಡೆಯ ತೆಂಗಿನ ತೋಟದವರಿಗೆ ಕಾವಲಿಗೆ ನಾಯಿ ಬೇಕಿತ್ತು, ಆದರೆ ಮರಿ ಬೇಕಿತ್ತು. ಹೊಳಲ್ಕೆರೆಯ ಅಡಿಕೆ ತೋಟದವರೊಬ್ಬರು ಬಂದು, ಬಾಯಿ ತೆರೆಸಿ ಹಲ್ಲು ನೋಡಿ, "ಇದಕ್ಕೆ ನಾವೇ ಕಾವಲು ಇರಬೇಕಲ್ಲ ಫಾದರ್" ಎಂದು ನಕ್ಕು ಹೋದರು. ಚಿತ್ರದುರ್ಗದ ಪೇಟೆಯಲ್ಲಿ ಇಬ್ಬರು ನೋಡೋಣವೆಂದರು, ಮತ್ತೆ ಮಾತನಾಡಲಿಲ್ಲ. ಇವರಾರೂ ಕಲ್ಲು ಹೃದಯದವರಲ್ಲ. ನಮ್ಮ ಬಯಲುಸೀಮೆಯಲ್ಲಿ ನಾಯಿ ಎಂದರೆ ಕೆಲಸ ಮಾಡುವ ಪ್ರಾಣಿ. ಕುರಿಹಿಂಡಿಗೋ ಕಣಕ್ಕೋ ತೋಟಕ್ಕೋ ಕಾವಲು. ಕೆಲಸ ಮುಗಿದ ನಾಯಿಗೆ ಜಾಗವಿಲ್ಲ. ಹೀಗೆ ಹದಿನೈದು ದಿನ ತಿಂಗಳುಗಳಾದವು. ಧರ್ಮೋಪದೇಶದ ತರಗತಿಗೆ ಬರುವ ಮಕ್ಕಳು ಅದಕ್ಕೆ "ಅಜ್ಜ" ಎಂದು ಹೆಸರಿಟ್ಟರು. ಆ ಹೆಸರೇ ನಿಂತಿತು.

ಚಿತ್ರದುರ್ಗದ ಪಶುವೈದ್ಯರು ಪರೀಕ್ಷಿಸಿ ಹನ್ನೆರಡು ಹದಿಮೂರು ವರ್ಷ ಆಗಿರಬಹುದೆಂದರು. ಕೀಲುಗಳು ಸವೆದಿದ್ದವು, ಮೂತ್ರಪಿಂಡಗಳು ಸೋಲುತ್ತಿದ್ದವು. "ಇದನ್ನು ಗುಣಪಡಿಸಲು ಆಗುವುದಿಲ್ಲ. ನೋವು ಕಡಿಮೆ ಮಾಡಬಹುದು, ಅಷ್ಟೇ" ಎಂದರು. ಮೊದಲು ರೇಬಿಸ್ ಚುಚ್ಚುಮದ್ದು ಹಾಕಿದರು. ಬಳಿಕ ನಾನು ಕಲಿತದ್ದು ಬಹಳ. ಮೂತ್ರಪಿಂಡ ಸೋತ ನಾಯಿ ಹೆಚ್ಚು ನೀರು ಕುಡಿಯುತ್ತದೆ, ಹೆಚ್ಚು ಮೂತ್ರ ಮಾಡುತ್ತದೆ. ಜಗುಲಿ ಒದ್ದೆಯಾಯಿತೆಂದು ನೀರಿನ ಬಟ್ಟಲನ್ನು ಎತ್ತಿಡಬಾರದು. ನುಣುಪಾದ ನೆಲದ ಮೇಲೆ ಅದಕ್ಕೆ ಏಳಲು ಆಗದು, ಗೋಣಿತಾಟು ಹಾಸಬೇಕು. ನಾವು ನುಂಗುವ ನೋವಿನ ಮಾತ್ರೆಗಳು ಅದಕ್ಕೆ ವಿಷವಾಗಬಲ್ಲವು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ಕೂಡ. ಒಂದೇ ಮಗ್ಗುಲಲ್ಲಿ ಮಲಗಿದರೆ ಹುಣ್ಣಾಗುತ್ತದೆ, ಆಗಾಗ ಹೊರಳಿಸಬೇಕು. ಕಿವಿ ಮಂದವಾದ ನಾಯಿ ನಿದ್ದೆಯಲ್ಲಿ ಮುಟ್ಟಿದರೆ ಬೆದರಿ ಕಚ್ಚಬಹುದು. ಆದ್ದರಿಂದ ಮಕ್ಕಳಿಗೆ, ಅದು ಎಚ್ಚರವಾಗಿ ನಿಮ್ಮನ್ನು ನೋಡಿದ ಮೇಲೆಯೇ ಹತ್ತಿರ ಹೋಗಿರಿ ಎಂದು ಹೇಳಿಕೊಟ್ಟೆ. ರಾತ್ರಿ ಕೆಲವೊಮ್ಮೆ ಅದು ಗೋಡೆಯ ಮೂಲೆಗೆ ಮುಖ ಮಾಡಿ ದಾರಿ ತಪ್ಪಿದಂತೆ ನಿಂತುಬಿಡುತ್ತಿತ್ತು. ಮುಪ್ಪಿನಲ್ಲಿ ಮನುಷ್ಯರಿಗೆ ಬರುವ ಮರೆವು ನಾಯಿಗಳಿಗೂ ಬರುತ್ತದೆ ಎಂದು ವೈದ್ಯರು ತಿಳಿಸಿದರು.

ನಾಯಿಯ ತಟ್ಟೆ, ಬಡವನ ತಟ್ಟೆ

ಒಂದು ಭಾನುವಾರ ಬಲಿಪೂಜೆಯ ನಂತರ ಅಜ್ಜನಿಗೆ ಅನ್ನದೊಡನೆ ಬೇಯಿಸಿದ ಮೊಟ್ಟೆಯನ್ನು ಕಲಸಿ ಇಡುತ್ತಿದ್ದೆ. ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಗಂಡನ ಔಷಧಿಗೆ ಸಹಾಯ ಕೇಳಲು ಬಂದಿದ್ದರು. ಅವರು ತಟ್ಟೆಯನ್ನು ಸ್ವಲ್ಪ ಹೊತ್ತು ನೋಡಿ ನಿಧಾನವಾಗಿ ಹೇಳಿದರು: "ನಾಯಿಗೆ ತತ್ತಿ ಅನ್ನ ಸಿಗುತ್ತೆ ಫಾದರ್. ನಮ್ಮ ಮನೆಯವರ ಮಾತ್ರೆಗೆ ಕಾಸಿಲ್ಲ." ಅದರಲ್ಲಿ ಸಿಟ್ಟಿರಲಿಲ್ಲ. ಇದ್ದುದನ್ನು ಇದ್ದ ಹಾಗೆ ಹೇಳಿದ್ದರು.

ನಾನು ಕೊಟ್ಟ ಉತ್ತರ ತೀರ ಸುಲಭದ್ದಾಗಿತ್ತು. "ಅಮ್ಮ, ಅದೂ ದೇವರ ಸೃಷ್ಟಿಯಲ್ಲವೇ?" ಎಂದೆ. 500 ರೂಪಾಯಿ ಕೊಟ್ಟು ಕಳುಹಿಸಿದೆ. ಅವರು ಹೋದ ಮೇಲೆ ನನಗೆ ನಾಚಿಕೆಯಾಯಿತು. ಅವರ ಮಾತಿನಲ್ಲಿ ಧರ್ಮಸಭೆಯ ಬೋಧನೆಯೇ ಇತ್ತು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಪ್ರಾಣಿಗಳ ವಿಷಯದಲ್ಲಿ ಎರಡು ಮಾತುಗಳನ್ನು ಒಟ್ಟಿಗೆ ಹೇಳುತ್ತದೆ. ಪ್ರಾಣಿಗಳಿಗೆ ನಾವು ದಯೆಯನ್ನು ಸಲ್ಲಿಸಬೇಕಾಗಿದೆ. ಅವುಗಳನ್ನು ವಿನಾಕಾರಣ ನೋಯಿಸುವುದು, ಕೊಲ್ಲುವುದು ಮಾನವ ಘನತೆಗೆ ವಿರುದ್ಧ. ಆದರೆ ಮನುಷ್ಯರ ಸಂಕಟವನ್ನು ನೀಗಿಸಲು ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗೆ ಸುರಿಯುವುದೂ ತಕ್ಕದ್ದಲ್ಲ. ನಾನು ಮೊದಲ ಮಾತನ್ನು ಹಿಡಿದುಕೊಂಡು ಎರಡನೆಯದರಿಂದ ತಪ್ಪಿಸಿಕೊಂಡಿದ್ದೆ.

ಆ ರಾತ್ರಿ ಲೆಕ್ಕದ ಪುಸ್ತಕ ತೆಗೆದೆ. ಅಜ್ಜನಿಗೆ ತಿಂಗಳಿಗೆ ಸುಮಾರು 1,200 ರೂಪಾಯಿ ಖರ್ಚಾಗುತ್ತಿತ್ತು. ಹಿಂದಿನ ತಿಂಗಳು ಧರ್ಮಕೇಂದ್ರದ ಹಬ್ಬಕ್ಕೆ ಕೇವಲ ವಿದ್ಯುದ್ದೀಪಾಲಂಕಾರಕ್ಕೆ 18,000 ರೂಪಾಯಿ ಕೊಟ್ಟಿದ್ದೆವು. ಆ ದೀಪಗಳನ್ನು ಕಂಡು ಯಾರೂ ಬಡವರ ಮಾತ್ರೆಯ ಬಗ್ಗೆ ಕೇಳಿರಲಿಲ್ಲ. ಇನ್ನೊಂದು ಲೆಕ್ಕ ಪುಸ್ತಕದಲ್ಲಿ ಇರಲಿಲ್ಲ. ಆ ತಾಯಿಯ ಮನೆ ದೇವಾಲಯದಿಂದ ಹತ್ತು ನಿಮಿಷದ ನಡಿಗೆ. ನಾನು ನಾಲ್ಕು ತಿಂಗಳಿಂದ ಅಲ್ಲಿಗೆ ಹೋಗಿರಲಿಲ್ಲ.

ಮರುದಿನ ಹೋದೆ. ಗಂಡನಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ. ವೈದ್ಯರು ಬರೆದ ಚೀಟಿಯ ಮಾತ್ರೆಗಳನ್ನು ಅವರು ದುಬಾರಿ ಬೆಲೆಗೆ ಕೊಳ್ಳುತ್ತಿದ್ದರು. ಅದೇ ಔಷಧಿ ಜನೌಷಧಿ ಕೇಂದ್ರದಲ್ಲಿ ಬಹಳ ಕಡಿಮೆ ಬೆಲೆಗೆ ಸಿಗುತ್ತದೆಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ವೈದ್ಯರನ್ನು ಕೇಳಿ, ಯುವಕನೊಬ್ಬನನ್ನು ತಿಂಗಳಿಗೊಮ್ಮೆ ಚಿತ್ರದುರ್ಗಕ್ಕೆ ಕಳುಹಿಸುವ ಏರ್ಪಾಡಾಯಿತು. ಉಳಿದ ಹಣ ಧರ್ಮಕೇಂದ್ರದ ಸಹಾಯನಿಧಿಯಿಂದ ಸಲ್ಲಿತು. ಅವರಿಗೆ ಹಣಕ್ಕಿಂತ ಹೆಚ್ಚಾಗಿ ಬೇಕಾಗಿದ್ದದ್ದು ವಿಚಾರಿಸುವ ಒಬ್ಬ ಮನುಷ್ಯ. ಅದನ್ನು ಅವರಿಂದ ಕಿತ್ತುಕೊಂಡದ್ದು ನಾಯಿಯಲ್ಲ, ನನ್ನ ಅಲಕ್ಷ್ಯ.

ಸಂತ ಲೂಕನ ಶುಭಸಂದೇಶದಲ್ಲಿ ಬರುವ ಧನಿಕ ಮತ್ತು ಲಾಜರನ ಸಾಮತಿಯನ್ನು ನಾನು ಎಷ್ಟೋ ಬಾರಿ ಪ್ರಸಂಗದಲ್ಲಿ ವಿವರಿಸಿದ್ದೇನೆ. ಅಲ್ಲಿ ನಾಯಿಗಳಿರುವ ಜಾಗವನ್ನು ಮಾತ್ರ ಗಮನಿಸಿರಲಿಲ್ಲ. ಲಾಜರನು ಬಾಗಿಲ ಹೊರಗೆ ಬಿದ್ದಿದ್ದಾನೆ. ನಾಯಿಗಳೂ ಹೊರಗೆ, ಅವನ ಪಕ್ಕದಲ್ಲಿ, ಅವನ ಹುಣ್ಣು ನೆಕ್ಕುತ್ತಿವೆ. ಧನಿಕನು ನಾಯಿಗಳಿಗೆ ಉಣಬಡಿಸಿದ್ದರಿಂದ ಲಾಜರನು ಹಸಿದನೆಂದು ಪ್ರಭು ಹೇಳಲಿಲ್ಲ. ಧನಿಕನು ಬಾಗಿಲಾಚೆ ನೋಡಲೇ ಇಲ್ಲ. ನೋಡಿದ್ದರೆ ಇಬ್ಬರೂ ಅವನ ಕಣ್ಣಿಗೆ ಬೀಳುತ್ತಿದ್ದರು. ಆದುದರಿಂದ "ನಾಯಿಯೋ, ಮನುಷ್ಯನೋ" ಎಂಬ ಪ್ರಶ್ನೆಯನ್ನು ಬಹುಮಟ್ಟಿಗೆ ನಾವು ಯಾರನ್ನೂ ನೋಡದಿರಲು ಬಳಸುತ್ತೇವೆ. ಬೀದಿಯ ನಾಯಿಗೆ ಕಲ್ಲೆಸೆಯುವವನು ಉಳಿಸಿದ ಅನ್ನವನ್ನು ಬಡವನಿಗೆ ಕೊಂಡೊಯ್ಯುವುದಿಲ್ಲ.

ಹಾಗೆಂದು ಎರಡನೆಯ ಅಪಾಯವನ್ನು ಮರೆಯಬಾರದು. ನಾಯಿಯ ಮೇಲಿನ ಪ್ರೀತಿ ಮನುಷ್ಯರಿಂದ ತಪ್ಪಿಸಿಕೊಳ್ಳುವ ದಾರಿಯೂ ಆಗಬಲ್ಲದು. ನಾಯಿ ಎದುರು ಮಾತನಾಡುವುದಿಲ್ಲ, ಹಳೆಯ ತಪ್ಪನ್ನು ಎತ್ತಿ ಆಡುವುದಿಲ್ಲ, ಆಸ್ತಿಯಲ್ಲಿ ಪಾಲು ಕೇಳುವುದಿಲ್ಲ. ಸೃಷ್ಟಿಯ ಪ್ರತಿಯೊಂದು ಜೀವಿಗೂ ತನ್ನದೇ ಆದ ಬೆಲೆಯಿದೆ ಎಂದು 2015ರ ತಮ್ಮ ವಿಶ್ವಪತ್ರದಲ್ಲಿ ಒತ್ತಿ ಹೇಳಿದ ಪೋಪ್ ಫ್ರಾನ್ಸಿಸರೇ, 2022ರ ಜನವರಿಯಲ್ಲಿ, ಮಕ್ಕಳ ಜಾಗದಲ್ಲಿ ನಾಯಿ ಬೆಕ್ಕುಗಳನ್ನು ಇರಿಸಿಕೊಳ್ಳುವ ದಂಪತಿಗಳ ಸ್ವಾರ್ಥವನ್ನೂ ಟೀಕಿಸಿದರು. ಆ ಎರಡು ಮಾತುಗಳಲ್ಲಿ ವಿರೋಧವಿಲ್ಲ. ನಾನು ಆಗಿನಿಂದ ಒಂದು ನಿಯಮ ಇಟ್ಟುಕೊಂಡೆ. ಅಜ್ಜನಿಗೆ ಎಷ್ಟು ಖರ್ಚಾಗುವುದೋ ಅಷ್ಟನ್ನು ನನ್ನ ಕೈಯಿಂದ ರೋಗಿಗಳ ಸಹಾಯನಿಧಿಗೆ ಹಾಕುವುದು. ಅಜ್ಜನ ಹುಣ್ಣು ತೊಳೆದ ದಿನ ಒಬ್ಬ ವೃದ್ಧರನ್ನಾದರೂ ಭೇಟಿಯಾಗುವುದು. ಇದು ಎಲ್ಲರಿಗೂ ಕಟ್ಟಳೆಯಲ್ಲ. ನನ್ನ ಮನಸ್ಸು ಮೋಸಹೋಗದಿರಲು ನನಗೆ ಅದು ಬೇಕಾಯಿತು.

ದುಡಿಮೆಗೆ ಸಂಬಳ, ಮುಪ್ಪಿಗೆ ಏನು?

ಎರಡನೆಯ ಪ್ರಶ್ನೆ ಇನ್ನೂ ಆಳದ್ದು. ನನಗೆ ಎಂದೂ ಏನೂ ಮಾಡಿಕೊಡದ ಪ್ರಾಣಿಗೆ ನಾನು ಋಣಿಯಾಗುವುದು ಹೇಗೆ?

ದುಡಿದ ನಾಯಿಯನ್ನು ಗೌರವಿಸುವುದು ನಮ್ಮ ನಾಡಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949-50ರ ಶಿಲಾಶಾಸನವನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗನು, ಬೇಕಾದುದನ್ನು ಕೇಳಿಕೋ ಎಂದನು. ಮಣಲೇರನು ಚಿನ್ನ ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನೆಟ್ಟು, ಭೂಮಿಯನ್ನೂ ಬಿಟ್ಟುಕೊಟ್ಟರು. ನಾಯಿಗೆ ವೀರಗಲ್ಲು ನಿಲ್ಲಿಸಿದ ನಾಡು ನಮ್ಮದು. ಆದರೆ ಕಾಳಿ ತನ್ನ ಬಲದ ದಿನಗಳಲ್ಲೇ ಸತ್ತಿತು. ಅದು ಬದುಕುಳಿದು, ಹಲ್ಲು ಬಿದ್ದು, ಅಂಗಳದಲ್ಲಿ ಮೂತ್ರ ಮಾಡುವ ಮುದಿನಾಯಿಯಾಗಿದ್ದರೆ ಕಲ್ಲು ನೆಡುತ್ತಿದ್ದರೇ? ಶೌರ್ಯಕ್ಕೆ ಕಲ್ಲು ಸಿಗುತ್ತದೆ. ಮುಪ್ಪಿಗೆ ಸಿಗುವುದು ಅಪರೂಪ.

ಗುರುಮಠದಲ್ಲಿ ನಾವು ಓದಿದ ತತ್ವಶಾಸ್ತ್ರವೂ ಇಲ್ಲಿ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. ಪ್ರಾಣಿಗಳಿಗೆ ಕ್ರೂರನಾದವನು ಮನುಷ್ಯರಿಗೂ ಕ್ರೂರನಾದಾನು, ಆದ್ದರಿಂದ ಪ್ರಾಣಿಹಿಂಸೆ ಸಲ್ಲದು ಎಂಬ ವಾದವನ್ನು ಸಂತ ಥಾಮಸ್ ಅಕ್ವಿನಾಸರೂ, ಐದು ಶತಮಾನಗಳ ನಂತರ ಜರ್ಮನಿಯ ಕಾಂಟನೂ ಮಂಡಿಸಿದ್ದಾರೆ. ಕಾಂಟನು ತನ್ನ ನೀತಿಶಾಸ್ತ್ರದ ಉಪನ್ಯಾಸಗಳಲ್ಲಿ ಮುದಿನಾಯಿಯ ಉದಾಹರಣೆಯನ್ನೇ ಕೊಡುತ್ತಾನೆ. ಒಡೆಯನಿಗೆ ನಿಷ್ಠೆಯಿಂದ ದುಡಿದ ನಾಯಿ ಕೈಲಾಗದಂತಾದಾಗ, ಒಡೆಯನು ಅದನ್ನು ಸಾಯುವವರೆಗೆ ಸಾಕಬೇಕು ಎಂಬುದು ಅವನ ಅಭಿಪ್ರಾಯ. ಒಳ್ಳೆಯ ಮಾತೇ. ಆದರೆ ಅದು ಸೇವೆಗೆ ಸಲ್ಲುವ ಪಿಂಚಣಿ. ಅಜ್ಜ ನನಗೆ ಒಂದು ದಿನವೂ ದುಡಿದಿರಲಿಲ್ಲ. ಕಾಂಟನ ಲೆಕ್ಕದಲ್ಲಿ ಅದರ ಸಾಲ ಇನ್ನಾರೋ ತೀರಿಸಬೇಕಾದದ್ದು, ಆ ಸಾಲಗಾರನು ಹೆದ್ದಾರಿಯಲ್ಲಿ ಅದನ್ನು ಇಳಿಸಿ ಹೋಗಿದ್ದ.

ಇದಕ್ಕೆ ಉತ್ತರದ ಎಳೆಯೊಂದು ನನಗೆ ವಿಮೋಚನಕಾಂಡದಲ್ಲಿ ಸಿಕ್ಕಿತು. ನಿನ್ನನ್ನು ದ್ವೇಷಿಸುವವನ ಕತ್ತೆ ಹೊರೆಯ ಕೆಳಗೆ ಬಿದ್ದಿರುವುದನ್ನು ಕಂಡರೆ ಬಿಟ್ಟುಹೋಗಬೇಡ, ಸಹಾಯ ಮಾಡು ಎಂಬ ವಿಧಿ ಅಲ್ಲಿದೆ. ಆ ಕತ್ತೆ ನನ್ನದಲ್ಲ, ನನಗೆ ದುಡಿದದ್ದಲ್ಲ. ನನ್ನ ಶತ್ರುವಿಗೆ ದುಡಿಯುತ್ತಿರುವುದು. ಅದರ ಮೇಲೆ ನನಗಿರುವ ಕರ್ತವ್ಯಕ್ಕೆ ಕಾರಣ ಒಂದೇ: ಅದು ಬಿದ್ದಿದೆ, ನಾನು ಕಂಡಿದ್ದೇನೆ. ಕಂಡ ಮೇಲೆ ಕಾಣದವನಂತೆ ಹೋಗುವ ಹಕ್ಕು ನನಗಿಲ್ಲ. ಒಡೆಯನು ತಪ್ಪಿದನೆಂಬುದು ನಿಜ, ಆದರೆ ಅವನ ತಪ್ಪಿಗೆ ನಾಯಿ ದಂಡ ತೆರಬೇಕಾಗಿಲ್ಲ.

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಹತ್ತಿರದ ಒಂದು ಪರಂಪರೆ ಇದೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸನಾಯಕರು ತಮ್ಮ ದೇವರ ಹೆಸರಿನಲ್ಲಿ ದೇವರ ಎತ್ತುಗಳ ಹಿಂಡುಗಳನ್ನು ಸಾಕುತ್ತಾರೆ. ಅವುಗಳನ್ನು ನೇಗಿಲಿಗೆ ಕಟ್ಟುವುದಿಲ್ಲ, ಮಾರುವುದಿಲ್ಲ. ಕಿಲಾರಿಗಳು ಅವುಗಳನ್ನು ಮೇಯಿಸಿಕೊಂಡು ಅವುಗಳೊಡನೆಯೇ ಬಾಳುತ್ತಾರೆ. ಬರ ಬಂದು ಹುಲ್ಲು ಒಣಗಿದಾಗ ಆ ಹಿಂಡುಗಳಿಗೆ ಮೇವು ಹೊಂದಿಸುವುದು ಎಷ್ಟು ಕಷ್ಟವೆಂದು ಈ ಸೀಮೆಯವರೆಲ್ಲರೂ ಬಲ್ಲರು. ಅವರ ನಂಬಿಕೆ ಬೇರೆ, ನಮ್ಮ ನಂಬಿಕೆ ಬೇರೆ. ಆದರೆ ದುಡಿಮೆಯಿಂದಲೇ ಜೀವದ ಬೆಲೆ ಕಟ್ಟಬಾರದೆಂಬ ಪಾಠವನ್ನು, ಮಳೆ ಕಡಿಮೆಯಾದ ಈ ನೆಲದ ಬಡ ಜನರೇ ಉಳಿಸಿಕೊಂಡು ಬಂದಿದ್ದಾರೆ. ನಾವು ಅದನ್ನು ಗೌರವದಿಂದ ನೋಡಬೇಕು.

ಬಿಟ್ಟುಹೋಗುವುದರ ಬೆಲೆ

ಸಾಕಿದ ಪ್ರಾಣಿ ಹಸಿವು ಬಾಯಾರಿಕೆಯಿಂದ ನರಳುವಂತೆ ಅದನ್ನು ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಆದರೆ ಮೊದಲ ಸಲದ ತಪ್ಪಿಗೆ ಆ ಕಾಯ್ದೆ ಇಟ್ಟ ದಂಡ 10 ರೂಪಾಯಿಯಿಂದ 50 ರೂಪಾಯಿ. ಅಂದರೆ ಹನ್ನೆರಡು ವರ್ಷದ ನಿಷ್ಠೆಯನ್ನು ಒಂದು ಊಟದ ಬೆಲೆಗೆ ಕಳಚಿಕೊಳ್ಳಬಹುದು. 2025ರಲ್ಲಿ ಬೀದಿನಾಯಿಗಳ ವಿಷಯ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದು ದೇಶವೆಲ್ಲ ಚರ್ಚಿಸಿತು. ಆಗಸ್ಟ್ 11ರಂದು ದೆಹಲಿ ಪ್ರದೇಶದ ನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಲ್ಲಿ ಇರಿಸಬೇಕೆಂಬ ಆದೇಶವಾಯಿತು. ಆಗಸ್ಟ್ 22ರಂದು ಅದನ್ನು ಮಾರ್ಪಡಿಸಿ, ರೇಬಿಸ್ ಇರುವವು ಮತ್ತು ಆಕ್ರಮಣಕಾರಿಯಾದವುಗಳ ಹೊರತು ಉಳಿದವನ್ನು ಸಂತಾನಹರಣ ಮಾಡಿ, ಚುಚ್ಚುಮದ್ದು ಹಾಕಿ ಅದೇ ಜಾಗದಲ್ಲಿ ಬಿಡಬೇಕೆಂದು ಹೇಳಲಾಯಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂತಹ ಸ್ಥಳಗಳಿಂದ ನಾಯಿಗಳನ್ನು ತೆಗೆಯುವ ಆದೇಶ ಬಂತು. ನಾಯಿ ಕಚ್ಚಿದ ಮಗುವಿನ ತಾಯಿಯ ಭಯ ಸಣ್ಣದಲ್ಲ. ಕಚ್ಚಿಸಿಕೊಂಡವರು ಗಾಯವನ್ನು ಸಾಬೂನಿನಿಂದ ಕಾಲುಗಂಟೆ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು. ಆದರೆ ಈ ಚರ್ಚೆಯಲ್ಲಿ ಒಂದು ಮಾತು ಹಿಂದೆ ಸರಿಯಿತು: ಬೀದಿಗೆ ಬಂದ ನಾಯಿಗಳಲ್ಲಿ ಕೆಲವನ್ನು ಬೀದಿಗೆ ಬಿಟ್ಟವರು ನಾವೇ, ಮನೆಯವರೇ. ಮರಿಯನ್ನು ಮನೆಗೆ ತರುವ ದಿನ ಮಕ್ಕಳು ಕುಣಿಯುತ್ತಾರೆ. ಹೆತ್ತವರೇ, ಆ ದಿನವೇ ಅವರಿಗೆ ಹೇಳಿರಿ: ಇದು ಹನ್ನೆರಡು ವರ್ಷದ ಮಾತು, ಅದರ ಕೊನೆಯ ವರ್ಷ ಕಷ್ಟದ್ದು.

ಕೊನೆಯ ನಿರ್ಧಾರ

ಹದಿಮೂರನೆಯ ತಿಂಗಳಿನಲ್ಲಿ ಅಜ್ಜನಿಗೆ ಏಳಲು ಆಗದಾಯಿತು. ರಾತ್ರಿಯೆಲ್ಲ ನರಳುತ್ತಿತ್ತು. ಪಶುವೈದ್ಯರು ಬಂದು ನೋಡಿ, ನೋವಿಲ್ಲದೆ ಕೊನೆಗಾಣಿಸುವ ಚುಚ್ಚುಮದ್ದು ಕೊಡಬಹುದೆಂದರು. ನನಗೆ ಥಟ್ಟನೆ ನೆಮ್ಮದಿಯಾಯಿತು. ಆ ನೆಮ್ಮದಿಯೇ ನನ್ನನ್ನು ತಡೆಯಿತು. ಐದು ರಾತ್ರಿಗಳಿಂದ ನಾನು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ನಾನು ಕೊನೆಗಾಣಿಸಬಯಸಿದ್ದು ಯಾರ ಕಷ್ಟವನ್ನು, ಅದರದನ್ನೋ ನನ್ನದನ್ನೋ? ಪ್ರಾಮಾಣಿಕ ಉತ್ತರ ನನ್ನ ಪರವಾಗಿರಲಿಲ್ಲ. ವೈದ್ಯರಿಗೆ ಅದನ್ನೇ ಹೇಳಿದೆ. ಅವರು ನೋವಿನ ಔಷಧಿಯನ್ನು ಬದಲಿಸಿ, "ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ತಿಂದ ದಿನ, ಬಾಲ ಆಡಿಸಿದ ದಿನ ಒಳ್ಳೆಯ ದಿನ. ಕೆಟ್ಟ ದಿನಗಳು ಹೆಚ್ಚಾದರೆ ಕರೆಯಿರಿ" ಎಂದರು.

ಧರ್ಮಕೇಂದ್ರದ ಕ್ಯಾಲೆಂಡರಿನಲ್ಲಿ ಸಂತರ ಹಬ್ಬಗಳ ಪಕ್ಕದಲ್ಲಿ ನಾನು ಗೆರೆ ಎಳೆಯುತ್ತ ಹೋದೆ. ಮೂರು ವಾರ ಒಳ್ಳೆಯ ದಿನಗಳೇ ಹೆಚ್ಚಿದ್ದವು. ಮಕ್ಕಳು ಬಂದಾಗ ಅದು ಬಾಲದ ತುದಿಯನ್ನು ನೆಲಕ್ಕೆ ಬಡಿಯುತ್ತಿತ್ತು. ನಾನು ನಿದ್ದೆಗೆಟ್ಟೆನೆಂದು ಆ ಮೂರು ವಾರಗಳನ್ನು ಅದರಿಂದ ಕಿತ್ತುಕೊಳ್ಳಬಹುದಾಗಿತ್ತು. ಅನಂತರ ಕೆಟ್ಟ ದಿನಗಳು ಒಂದರ ಮೇಲೊಂದು ಬಂದವು. ಅನ್ನ ಬಿಟ್ಟಿತು, ಕೊನೆಗೆ ನೀರನ್ನೂ ಬಿಟ್ಟಿತು. ಹುಣ್ಣುಗಳು ಮಾಯಲಿಲ್ಲ. ಮುಟ್ಟಿದರೆ ಕೂಗುತ್ತಿತ್ತು. ಈ ಸಲ ಕರೆಯದಿದ್ದರೆ ಅದು ನನ್ನ ಧೈರ್ಯಗೇಡಿತನವಾಗುತ್ತಿತ್ತು. ವೈದ್ಯರನ್ನು ಕರೆದೆ. ಅದರ ತಲೆಯ ಮೇಲೆ ಕೈಯಿಟ್ಟು ಕುಳಿತಿದ್ದೆ. ಕೆಲವೇ ನಿಮಿಷಗಳಲ್ಲಿ ಉಸಿರು ನಿಂತಿತು. ಆವರಣದ ಹೊಂಗೆ ಮರದ ಕೆಳಗೆ ಮಣ್ಣು ಮಾಡಿದೆವು.

"ಫಾದರ್, ಇದು ಪಾಪವಲ್ಲವೇ?" ಎಂದು ಹಲವರು ಕೇಳಿದರು. ಅಲ್ಲವೆಂದೇ ನನ್ನ ಉತ್ತರ. ಪ್ರಾಣಿಗೆ ತನ್ನ ನೋವಿಗೆ ಅರ್ಥ ಹುಡುಕಲು ಆಗದು. ನಾಳೆಯ ಭರವಸೆಯಿಂದ ಇಂದಿನ ಸಂಕಟವನ್ನು ಸಹಿಸುವುದು, ಕ್ಷಮೆ ಕೇಳುವುದು, ಮಗನ ಬರವನ್ನು ಕಾಯುವುದು, ಪ್ರಾರ್ಥಿಸುವುದು ಅದರಿಂದಾಗದು. ಅದಕ್ಕಿರುವುದು ಈ ಕ್ಷಣದ ನೋವು ಮಾತ್ರ. ಬೇರೆ ದಾರಿಯಿಲ್ಲದಾಗ ಆ ನೋವಿನಿಂದ ಬಿಡಿಸುವುದು ಪಾಲಕನ ಕೊನೆಯ ಕರ್ತವ್ಯ. ದೇಶದ 2023ರ ನಿಯಮಗಳೂ ಗುಣವಾಗದ ರೋಗಕ್ಕೆ ತುತ್ತಾದ ಬೀದಿನಾಯಿಗೆ ಅರ್ಹ ಪಶುವೈದ್ಯರ ಕೈಯಿಂದ ನೋವಿಲ್ಲದ ಸಾವಿಗೆ ಅವಕಾಶ ಕೊಡುತ್ತವೆ.

ಆದರೆ ಇದೇ ಮಾತನ್ನು ಮನುಷ್ಯರಿಗೆ ಹೊರಳಿಸಬೇಡಿ. "ನಾಯಿಗಾದರೆ ಬಿಡುಗಡೆ ಕೊಡುತ್ತಾರೆ, ನನ್ನ ಅತ್ತೆಗೆ ಏಕಿಲ್ಲ?" ಎಂದು ದಣಿದ ಸೊಸೆಯೊಬ್ಬರು ಕೇಳಿದ್ದುಂಟು. ಅವರನ್ನು ನಾನು ಗದರಿಸಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ರಾತ್ರಿಯ ನಿದ್ದೆ, ಪಾಳಿಯಲ್ಲಿ ಕೂರುವ ಇನ್ನೊಬ್ಬರು. ಗುಣವಾಗದ ರೋಗಿಗೆ ಫಲವಿಲ್ಲದ ಚಿಕಿತ್ಸೆಯನ್ನು ಹೇರಬೇಕಾಗಿಲ್ಲವೆಂದು ಧರ್ಮಸಭೆಯೂ ಹೇಳುತ್ತದೆ. 2018ರ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಅನುಸರಿಸಿ ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿದ ಆದೇಶವೂ ಇಂತಹ ಚಿಕಿತ್ಸೆಯನ್ನು ಹಿಂತೆಗೆದುಕೊಳ್ಳುವ ಕ್ರಮವನ್ನು ಕುರಿತದ್ದು. ಚಿಕಿತ್ಸೆಯ ಹೊರೆಯನ್ನು ಇಳಿಸುವುದು ಒಂದು. ಮನುಷ್ಯನನ್ನೇ ಹೊರೆಯೆಂದು ಎಣಿಸಿ ಕೊಲ್ಲುವುದು ಇನ್ನೊಂದು. ಮನುಷ್ಯನ ಕೊನೆಯ ದಿನಗಳಲ್ಲಿ ಇನ್ನೂ ಆಗಬೇಕಾದ ಕೆಲಸವಿರುತ್ತದೆ: ಒಂದು ಕ್ಷಮೆ, ಒಂದು ಹೆಸರು, ಒಂದು ಕೈಹಿಡಿತ. ಆ ಬಾಗಿಲನ್ನು ಮುಚ್ಚುವ ಅಧಿಕಾರ ನಮಗಿಲ್ಲ. ಎರಡು ಕಡೆಗೂ ಸಲ್ಲುವ ಪ್ರಶ್ನೆ ಮಾತ್ರ ಒಂದಿದೆ: ನಾನು ಕೊನೆಗಾಣಿಸಬಯಸುವುದು ಯಾರ ಕಷ್ಟವನ್ನು?

ಕೊನೆಯದಾಗಿ

ಮಹಾಭಾರತದ ಕೊನೆಯಲ್ಲಿ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದ ಧರ್ಮರಾಯನ ಕಥೆ ನಿಮಗೆಲ್ಲ ಗೊತ್ತು. ಆ ನಾಯಿ ಧರ್ಮದೇವತೆಯಾಗಿ ಪ್ರತ್ಯಕ್ಷವಾಗುತ್ತದೆ. ನಮ್ಮ ಬೈಬಲ್ಲಿನ ತೋಬಿತನ ಗ್ರಂಥದಲ್ಲೂ ಒಂದು ನಾಯಿ ಇದೆ. ತೋಬಿತನ ಮಗ ದೂರದ ಪಯಣಕ್ಕೆ ಹೊರಟಾಗ ಜೊತೆಗೆ ಹೋಗುತ್ತದೆ, ಹಿಂದಿರುಗುವಾಗ ಜೊತೆಗೆ ಬರುತ್ತದೆ. ಅದು ಏನೂ ಆಗಿ ಬದಲಾಗುವುದಿಲ್ಲ, ಯಾರನ್ನೂ ಕಾಪಾಡುವುದಿಲ್ಲ. ಪವಿತ್ರ ಗ್ರಂಥ ಅದನ್ನು ನಾಯಿಯಾಗಿಯೇ ನೆನಪಿಟ್ಟುಕೊಂಡಿದೆ. ಅಜ್ಜನೂ ಹಾಗೆಯೇ. ಅದು ನಾಯಿಯಾಗಿ ಬಂತು, ನಾಯಿಯಾಗಿ ಸತ್ತಿತು. ನನಗೆ ವರವನ್ನೇನೂ ಕೊಡಲಿಲ್ಲ.

ಮಣ್ಣು ಮಾಡಿದ ಸಂಜೆ ಮಕ್ಕಳು, "ಅಜ್ಜ ಸ್ವರ್ಗಕ್ಕೆ ಹೋಯಿತೇ ಫಾದರ್?" ಎಂದು ಕೇಳಿದರು. ಒಂದು ಗುಬ್ಬಚ್ಚಿಯನ್ನೂ ದೇವರು ಮರೆಯುವುದಿಲ್ಲವೆಂದು ಯೇಸುಸ್ವಾಮಿ ಹೇಳಿದ್ದಾರೆ. ಮರೆಯದವರು ಏನು ಮಾಡುತ್ತಾರೆಂಬುದನ್ನು ಅವರಿಗೇ ಬಿಡೋಣ ಎಂದೆ. ಮಕ್ಕಳಿಗೆ ಅಷ್ಟು ಸಾಕಾಯಿತು. ತತ್ತಿ ಅನ್ನದ ಮಾತನಾಡಿದ ಆ ತಾಯಿಯೂ ಅಂದು ಬಂದಿದ್ದರು. ಅವರಿಗೆ ನಾಯಿಗಳೆಂದರೆ ಎಂದೂ ಅಷ್ಟಕ್ಕಷ್ಟೆ. ಹಸಿ ಮಣ್ಣನ್ನು ನೋಡಿ, "ಪಾಪ, ಅದಕ್ಕೂ ಜೀವ ಹೋಗೋದು ಕಷ್ಟವೇ ಆಯ್ತು" ಎಂದರು. ಬಳಿಕ ಗಂಡನ ಮಾತ್ರೆ ಮುಗಿಯುತ್ತ ಬಂದಿದೆ, ಹುಡುಗನನ್ನು ಕಳುಹಿಸಿರಿ ಎಂದು ನೆನಪಿಸಿದರು.

ಪ್ರಿಯ ಓದುಗರೇ, ನೀವೆಲ್ಲರೂ ಮುದಿನಾಯಿಗಳನ್ನು ಮನೆಗೆ ತನ್ನಿರೆಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಜಾಗ, ಹಣ, ಕೈಬಲ ಇಲ್ಲದವರು ಆ ಭಾರ ಹೊರಬೇಕಾಗಿಲ್ಲ. ಆದರೆ ಸಾಕಿದ್ದನ್ನು ಬೀದಿಗೆ ಬಿಡಬೇಡಿ. ಬಾಗಿಲಿಗೆ ಬಂದದ್ದನ್ನು ಒಮ್ಮೆ ನೋಡಿರಿ. ನಾಯಿಯನ್ನು ನೋಡಲು ಬಾಗಿಲು ತೆರೆದಾಗ ಅದರ ಪಕ್ಕದಲ್ಲಿ ಯಾರು ನಿಂತಿದ್ದಾರೆಂಬುದನ್ನೂ ನೋಡಿರಿ.